ಹುಟ್ಟಿದ ಬೆಳಕು ಹೊರಗೆ ಬರಬೇಕಲ್ಲ!

ಗುಳೇದಗುಡ್ಡದಲ್ಲಿ ಖಣ ನೇಯುವವರಿಗೆ ಮಗ್ಗದ ಮೇಲೆ ಒಳ್ಳೆಯ ಬೆಳಕು ಬೇಕು. ಒಂದೊಂದು ಎಳೆಯೂ ಕಾಣಬೇಕು, ಕರೆಂಟ್ ಬಿಲ್ಲೂ ಜಾಸ್ತಿ ಬರಬಾರದು. ಎಲ್‌ಇಡಿ ಬಲ್ಬ್ ಎರಡನ್ನೂ ಸಾಧಿಸಿದೆ. ಆದರೆ ವಿಜ್ಞಾನಿಗಳಿಗೆ ಅದರೊಳಗೆ ಬೆಳಕು ಹುಟ್ಟಿಸಿದರಷ್ಟೇ ಸಾಕಾಗಲಿಲ್ಲ. ಹುಟ್ಟಿದ ಬೆಳಕನ್ನು ಹೊರಗೆ ತರುವುದೂ ಅಷ್ಟೇ ದೊಡ್ಡ ಕೆಲಸವಾಗಿತ್ತು.

ಬಾವಿಯಲ್ಲಿ ಈಜು ಕಲಿತವರು ನೆನಪು ಮಾಡಿಕೊಳ್ಳಿ. ಸ್ವಲ್ಪ ಮುಳುಗಿ ಮೇಲೆ ನೋಡಿದರೆ ನೆತ್ತಿಯ ಮೇಲೆ ದುಂಡನೆಯ ಜಾಗದಲ್ಲಿ ಮಾತ್ರ ಹೊರಗಿನದು ಕಾಣುತ್ತದೆ. ಅದರಾಚೆ ನೀರಿನ ಮೇಲ್ಮೈಯೇ ಕನ್ನಡಿ. ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಬೆಳಕು ನೀರು ದಾಟದೆ ಒಳಕ್ಕೇ ತಿರುಗುತ್ತದೆ. ಎಲ್‌ಇಡಿ ಬಲ್ಬಿನೊಳಗೆ ಬೆಳಕು ಹುಟ್ಟಿಸುವ ನೀಲಿ ಎಲ್‌ಇಡಿ ಚಿಪ್‌ನ ಗ್ಯಾಲಿಯಂ ನೈಟ್ರೈಡ್ ಹರಳಿನಲ್ಲಿ ಈ ಮಿತಿ ಇನ್ನೂ ಬಿಗಿ, ಬರೀ 24 ಡಿಗ್ರಿ. ಒಂದು ನುಣುಪು ಮುಖದಿಂದ ನೇರ ಗಾಳಿಗೆ ಬರುವುದು ಸುಮಾರು 4% ಬೆಳಕು ಮಾತ್ರ!

ಉಳಿದದ್ದು? ಒಳಗೇ ಪುಟಿಯುತ್ತದೆ. ಮೇಲೆ ಕೆಳಗೆ ಎರಡೂ ಮುಖ ಸಪಾಟಾಗಿದ್ದರೆ ಪ್ರತಿ ಸಲವೂ ಅದೇ ಕೋನದಲ್ಲಿ ಬಡಿಯುತ್ತದೆ. ಹಾಗಾಗಿ ಎಷ್ಟು ಸಲ ಬಡಿದರೂ ಬಾಗಿಲು ತೆರೆಯುವುದಿಲ್ಲ. ಕೊನೆಗೆ ಹರಳೇ ಅದನ್ನು ಹೀರಿ ಬಿಸಿಯಾಗುತ್ತದೆ. ಆ ಬಿಸಿ ಚಿಪ್‌ನ ಆಯಸ್ಸನ್ನೂ ಕಡಿಮೆ ಮಾಡುತ್ತದೆ.

ಪರಿಹಾರ ಸರಳ, ಅದಕ್ಕೇ ನನಗೆ ಬಹಳ ಇಷ್ಟ: ಮುಖವನ್ನು ಒರಟು ಮಾಡುವುದು. ನೀಲಿ ಬೆಳಕಿನ ಅಲೆಯ ಉದ್ದ ಸುಮಾರು 450 ನಾನೊಮೀಟರ್. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನಾನೊಮೀಟರ್. ಹೆಚ್ಚುಕಡಿಮೆ ಈ ಅಲೆಯಷ್ಟೇ ಅಳತೆಯ ಉಬ್ಬುತಗ್ಗು ಇದ್ದರೆ ಬೆಳಕು ದಿಕ್ಕು ಬದಲಿಸಿ ಚದುರುತ್ತದೆ. ಈ ಸಲ ಹೊರಬೀಳದಿದ್ದರೆ ಮುಂದಿನ ಸಲ ಬೇರೆ ಕೋನದಲ್ಲಿ ಬರುತ್ತದೆ, ಮತ್ತೊಂದು ಅವಕಾಶ ಸಿಗುತ್ತದೆ. 2004ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ತಂಡವೊಂದು ಹರಳಿನ ಮುಖವನ್ನು ಕ್ಷಾರದಲ್ಲಿ ಕೊರೆದು ಪುಟ್ಟ ಪುಟ್ಟ ಶಂಕುಗಳನ್ನು ಎಬ್ಬಿಸಿತು. ಹೊರಬಂದ ಬೆಳಕು ಎರಡರಿಂದ ಮೂರು ಪಟ್ಟಾಯಿತು. ಆ ತಂಡದಲ್ಲಿ ಶುಜಿ ನಕಮುರಾ ಇದ್ದರು. ನೀಲಿ ಎಲ್‌ಇಡಿಗಾಗಿ 2014ರ ಭೌತವಿಜ್ಞಾನ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು.

ಹರಳು ಬೆಳೆಸುವ ನೀಲಮಣಿ ತಳದ ಮೇಲೆ ಮೊದಲೇ ಉಬ್ಬುಗಳನ್ನು ಮಾಡಿಟ್ಟುಕೊಳ್ಳುವ ವಿಧಾನ ಈಗ ಕಾರ್ಖಾನೆಗಳಲ್ಲಿ ಮಾಮೂಲು. ಸಾಲಾಗಿ, ಲೆಕ್ಕಾಚಾರದಿಂದ ನಾನೊ ತೂತುಗಳನ್ನು ಕೊರೆದರೆ ಬೆಳಕು ಯಾವ ಕಡೆ ಹೋಗಬೇಕು ಎಂದೂ ಹೇಳಬಹುದು. ಆದರೆ ಅಷ್ಟು ಸಣ್ಣ ತೂತುಗಳನ್ನು ಕೊರೆಯುವುದು ದುಬಾರಿ. ಅಚ್ಚು ಒತ್ತಿ ವಿನ್ಯಾಸ ಮೂಡಿಸುವ ವಿಧಾನ ಆ ಖರ್ಚನ್ನು ಇಳಿಸಬಲ್ಲದು. ನನಗೆ ಹೆಚ್ಚು ಭರವಸೆ ಇರುವುದು ಅದರ ಮೇಲೆಯೇ.