ಗುಳಿಗೆ ಮೈಯಲ್ಲಿ ಕೂತುಬಿಡುತ್ತದೆಯೇ?

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ) ಇದೆ ಎಂದು ಮನೋವೈದ್ಯರು ಮೀಥೈಲ್‌ಫೆನಿಡೇಟ್ 10 ಮಿಲಿಗ್ರಾಂ ಗುಳಿಗೆ ಬರೆದುಕೊಟ್ಟಿದ್ದಾರೆ. ಬೆಳಿಗ್ಗೆ ಒಂದು ಕೊಡುತ್ತೇನೆ. ಇದು ಮೈಯಲ್ಲಿ ಎಷ್ಟು ದಿನ ಉಳಿಯುತ್ತದೆ? ದಿನಾ ಕೊಟ್ಟರೆ ಒಳಗೇ ಕೂತುಬಿಡುತ್ತದೆ, ವಾರಕ್ಕೊಮ್ಮೆ ಬಿಡಿಸಿ ಮಜ್ಜಿಗೆ, ಎಳನೀರು ಕುಡಿಸಿ ತೊಳೆಯಬೇಕು ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಶಹಾಬಾದ್

ಉತ್ತರ: ಇದೇ ಪ್ರಶ್ನೆ ಆಳಂದದಿಂದ ಬಂದಿದೆ, ಸುರಪುರದಿಂದ ಬಂದಿದೆ, ಬಸವಕಲ್ಯಾಣದಿಂದಲೂ ಬಂದಿದೆ. ಅತ್ತೆಯ ಜಾಗದಲ್ಲಿ ಒಮ್ಮೊಮ್ಮೆ ಮುತ್ಯಾ ಇರುತ್ತಾರೆ, ಒಮ್ಮೊಮ್ಮೆ ಪಕ್ಕದ ಮನೆಯವರು. ಮಜ್ಜಿಗೆ ಮಾತ್ರ ತಪ್ಪುವುದಿಲ್ಲ. ಔಷಧಶಾಸ್ತ್ರದ ಪಾಠ ಹೇಳುತ್ತಲೇ ತಲೆ ನರೆತವನು ನಾನು. ಈ ಒಂದು ಉತ್ತರವನ್ನು ಅಚ್ಚು ಹಾಕಿಸಿ ಕಲಬುರಗಿಯ ಮೆಡಿಕಲ್ ಅಂಗಡಿಗಳಿಗೆಲ್ಲ ಹಂಚಿಬಿಡೋಣ ಎಂದು ಎಷ್ಟೋ ಸಲ ಅನಿಸಿದೆ.

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಸಾಧಾರಣ ಗುಳಿಗೆಯ ಪರಿಣಾಮ ಮೂರರಿಂದ ನಾಲ್ಕು ಗಂಟೆ. ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆಯದಾದರೆ ತಯಾರಿಕೆಗೆ ತಕ್ಕಂತೆ ಎಂಟರಿಂದ ಹನ್ನೆರಡು ಗಂಟೆ. ಬೆಳಿಗ್ಗೆ ಕೊಟ್ಟ ಸಾಧಾರಣ ಗುಳಿಗೆ ಮರುದಿನ ಬೆಳಗಾಗುವಷ್ಟರಲ್ಲಿ ರಕ್ತದಿಂದ ಹೆಚ್ಚುಕಡಿಮೆ ಪೂರ್ತಿ ಹೋಗಿರುತ್ತದೆ. ಮೂತ್ರದಲ್ಲಿ ಅದರ ಗುರುತು ಒಂದೆರಡು ದಿನ, ಹೆಚ್ಚೆಂದರೆ ಮೂರು ದಿನ ಸಿಗುತ್ತದೆ, ಅದೂ ಅದಕ್ಕೆಂದೇ ಪರೀಕ್ಷೆ ಮಾಡಿದರೆ. ಪರಿಣಾಮ ಎಷ್ಟು ಹೊತ್ತು, ರಕ್ತದಲ್ಲಿ ಎಷ್ಟು ಹೊತ್ತು, ಮೂತ್ರದಲ್ಲಿ ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳನ್ನು ಜನ ಒಂದೇ ಉಸಿರಿನಲ್ಲಿ ಕೇಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಇನ್ನು ‘ಕೂತುಬಿಡುತ್ತದೆ’ ಎಂಬ ಮಾತು. ಇದನ್ನು ಇವತ್ತು ಬುಡಸಮೇತ ಕಿತ್ತುಹಾಕದೆ ಬಿಡುವುದಿಲ್ಲ. ಒಂದು ಪೆನ್ನು, ಒಂದು ಹಾಳೆ ತೆಗೆದುಕೊಳ್ಳಿ.

ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯಕ್ಕೆ ಅರ್ಧಾಯುಷ್ಯ ಎನ್ನುತ್ತೇವೆ. ಮೀಥೈಲ್‌ಫೆನಿಡೇಟಿನದು ಸುಮಾರು ಎರಡೂವರೆಯಿಂದ ಮೂರೂವರೆ ಗಂಟೆ. ಮಕ್ಕಳಲ್ಲಿ ಕಡಿಮೆ ಕಡೆಗೇ ಇರುತ್ತದೆ. ನಿಮ್ಮ ಅತ್ತೆಯವರಿಗೆ ಅನುಕೂಲವಾಗಲಿ ಎಂದು ಮೂರು ಗಂಟೆ ಎಂದೇ ಹಿಡಿಯೋಣ. ಎಂಟು ಗಂಟೆಗೆ ಕೊಟ್ಟ ಗುಳಿಗೆ ಹತ್ತರ ಸುಮಾರಿಗೆ ರಕ್ತದಲ್ಲಿ ತುತ್ತತುದಿ ಮುಟ್ಟುತ್ತದೆ. ಆ ಮಟ್ಟವನ್ನು 100 ಎಂದು ಬರೆಯಿರಿ. ಮಧ್ಯಾಹ್ನ ಒಂದಕ್ಕೆ 50. ನಾಲ್ಕಕ್ಕೆ 25. ರಾತ್ರಿ ಏಳಕ್ಕೆ ಹನ್ನೆರಡೂವರೆ, ಹತ್ತಕ್ಕೆ ಆರು ಚಿಲ್ಲರೆ. ಹುಡುಗ ಮಲಗಿರುವಾಗಲೂ ಈ ಇಳಿಕೆ ನಿಲ್ಲುವುದಿಲ್ಲ: ಒಂದು ಗಂಟೆಗೆ 3, ನಾಲ್ಕಕ್ಕೆ ಒಂದೂವರೆ, ಬೆಳಿಗ್ಗೆ ಏಳಕ್ಕೆ ಒಂದಕ್ಕಿಂತ ಕಡಿಮೆ. ಮರುದಿನ ಹತ್ತಕ್ಕೆ ಹಳೆಯ ಗುಳಿಗೆಯದು ಉಳಿದಿರುವುದು 0.4. ಅಷ್ಟರಲ್ಲಿ ಹೊಸ ಗುಳಿಗೆಯ 100 ಸೇರಿರುತ್ತದೆ, ಒಟ್ಟು 100.4. ಮೂರನೆಯ ದಿನ ಎಷ್ಟು? ಆಗಲೂ 100.4. ಏಕೆಂದರೆ ಆ 0.4 ಕೂಡ ಮರುದಿನಕ್ಕೆ ಇನ್ನೂರೈವತ್ತಾರರಲ್ಲಿ ಒಂದು ಪಾಲಾಗಿರುತ್ತದೆ. ಜೂನ್‌ನಲ್ಲಿ ಶಾಲೆ ತೆರೆದ ದಿನದಿಂದ ಮಾರ್ಚ್‌ನ ಪರೀಕ್ಷೆಯ ತನಕ ಒಂದು ದಿನವೂ ಬಿಡದೆ ಕೊಡಿ, ಲೆಕ್ಕ 100.5ನ್ನು ಮುಟ್ಟುವುದಿಲ್ಲ. ಕೂರುವುದು ಎಲ್ಲಿ ಬಂತು?

ಹಾಗಾದರೆ ನಿಮ್ಮ ಅತ್ತೆಯವರು ಸುಮ್ಮನೆ ಹೇಳುತ್ತಿದ್ದಾರೆಯೇ? ಇಲ್ಲ. ಅವರು ನೋಡಿರುವುದು ಬೇರೆ ಔಷಧವನ್ನು. ನಮ್ಮ ಕಡೆ ಹಳ್ಳಿಹಳ್ಳಿಯಲ್ಲೂ ಮೂರ್ಛೆರೋಗಕ್ಕೆ ಫಿನೋಬಾರ್ಬಿಟೋನ್ ನುಂಗಿದವರಿದ್ದಾರೆ. ಅದು ಅರ್ಧಕ್ಕಿಳಿಯಲು ಮೂರು ನಾಲ್ಕು ದಿನ ಬೇಕು. ದಿನಾ ನುಂಗಿದರೆ ಮೊದಲ ಎರಡು ಮೂರು ವಾರ ರಕ್ತದಲ್ಲಿ ಅದರ ಮಟ್ಟ ಏರುತ್ತಲೇ ಹೋಗಿ, ಆಮೇಲೆ ಒಂದು ಕಡೆ ನಿಲ್ಲುತ್ತದೆ. ಅದು ನಿಜಕ್ಕೂ ಸೇರಿಕೊಳ್ಳುವ ಔಷಧ, ಥಟ್ಟನೆ ನಿಲ್ಲಿಸಿದರೆ ಅಪಾಯ ಕೂಡ. ಆ ಅನುಭವವನ್ನು ಹೊತ್ತು ತಂದು ಮೊಮ್ಮಗನ ಗುಳಿಗೆಗೆ ಅಂಟಿಸಿದ್ದಾರೆ, ಅಷ್ಟೆ. ಎಡಿಎಚ್‌ಡಿಗೇ ಕೊಡುವ ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಔಷಧವಿದೆ. ನಿಮ್ಮ ಮಗನ ಗುಳಿಗೆ ಮಿದುಳನ್ನು ಚುರುಕುಗೊಳಿಸುವ ಉತ್ತೇಜಕ ವರ್ಗದ್ದು, ಇದು ಹಾಗಲ್ಲ, ಇದರ ಫಲ ಕಾಣಲು ವಾರಗಟ್ಟಲೆ ಹಿಡಿಯುತ್ತದೆ. ಎರಡನ್ನೂ ‘ಎಡಿಎಚ್‌ಡಿ ಗುಳಿಗೆ’ ಎಂದು ಒಂದೇ ಚೀಲಕ್ಕೆ ಹಾಕುವವರಿಂದಲೂ ಈ ಮಾತು ಬೆಳೆದಿದೆ.

ಇನ್ನೊಂದು ಕಾರಣ ನಿಮ್ಮ ಮನೆಯೊಳಗೇ ಇದೆ. ಗುಳಿಗೆಯ ಪ್ರಭಾವ ಇಳಿಯುವ ಹೊತ್ತಿಗೆ ಕೆಲವು ಮಕ್ಕಳು ಮೊದಲಿಗಿಂತ ಹೆಚ್ಚು ರೇಗುತ್ತಾರೆ. ಚಪ್ಪಲಿ ಒಂದು ಕಡೆ, ಬ್ಯಾಗ್ ಒಂದು ಕಡೆ, ಸಣ್ಣ ಮಾತಿಗೂ ಕಣ್ಣೀರು. ನೋಡಿದವರು ‘ಔಷಧ ತಲೆಗೇರಿದೆ’ ಎನ್ನುತ್ತಾರೆ. ಏರಿಲ್ಲ, ಇಳಿಯುತ್ತಿದೆ. ಊಟದ ವಿಷಯವೂ ಹಾಗೆಯೇ. ಮಧ್ಯಾಹ್ನದ ಡಬ್ಬಿಯಲ್ಲಿ ಕಟ್ಟಿದ ರೊಟ್ಟಿ, ಶೇಂಗಾ ಹಿಂಡಿ ಹಾಗೇ ವಾಪಸ್ ಬರುತ್ತದೆ, ಅದೇ ಹುಡುಗ ರಾತ್ರಿ ಎಂಟಕ್ಕೆ ಕೂತು ಗಬಗಬನೆ ತಿನ್ನುತ್ತಾನೆ. ಹಸಿವು ಮರಳಿತು ಎಂದರೆ ಔಷಧ ಹೊರಟಿತು ಎಂದು ಅರ್ಥ. ಇದಕ್ಕಿಂತ ಅಗ್ಗದ ರಕ್ತಪರೀಕ್ಷೆ ನಿಮಗೆ ಸಿಗುವುದಿಲ್ಲ. ಬೆಳಗಿನ ಉಪ್ಪಿಟ್ಟನ್ನು ಹೊಟ್ಟೆ ತುಂಬ ತಿನ್ನಿಸಿ ಆಮೇಲೆ ಗುಳಿಗೆ ಕೊಡಿ, ರಾತ್ರಿ ಕೇಳಿದಷ್ಟು ಬಡಿಸಿ. ಸಂಜೆಯ ಸಿಟ್ಟು ಅತಿಯಾದರೆ ವೈದ್ಯರಿಗೆ ತಿಳಿಸಿ, ಹೊತ್ತನ್ನೋ ಗುಳಿಗೆಯ ಬಗೆಯನ್ನೋ ಬದಲಿಸಿ ಸರಿಮಾಡುತ್ತಾರೆ.

ಕೂರುವುದಿಲ್ಲ ಎಂದರೆ ಅಡ್ಡಪರಿಣಾಮವೇ ಇಲ್ಲ ಎಂದಲ್ಲ. ಪ್ರತಿ ಭೇಟಿಯಲ್ಲೂ ಎತ್ತರ, ತೂಕ, ನಾಡಿ, ರಕ್ತದೊತ್ತಡ ನೋಡುವುದು ಇದಕ್ಕಾಗಿಯೇ. ಕೆಲವು ವೈದ್ಯರು ಭಾನುವಾರ ಅಥವಾ ಬೇಸಿಗೆ ರಜೆಯಲ್ಲಿ ಗುಳಿಗೆ ಬಿಡಿಸುವುದೂ ಉಂಟು. ಅದು ಮಗು ಚೆನ್ನಾಗಿ ಉಣ್ಣಲಿ, ಬೆಳೆಯಲಿ ಎಂದು. ಒಳಗಿನದನ್ನು ತೊಳೆಯಲು ಅಲ್ಲ. ನಿಮ್ಮ ವೈದ್ಯರು ಹೇಳದೆ ನೀವಾಗಿಯೇ ಬಿಡಿಸಬೇಡಿ.

ಮಜ್ಜಿಗೆಗೆ ಬರೋಣ. ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಮಜ್ಜಿಗೆ, ಎಳನೀರು ಎರಡೂ ಒಳ್ಳೆಯವೇ, ಧಾರಾಳವಾಗಿ ಕೊಡಿ. ಆದರೆ ಈ ಔಷಧವನ್ನು ಮುಗಿಸುವುದು ನೀರಲ್ಲ, ಯಕೃತ್ತು. ಅಲ್ಲಿನ ಕಾರ್ಬಾಕ್ಸಿಲೆಸ್ಟರೇಸ್ ಎಂಬ ಕಿಣ್ವ ಮೀಥೈಲ್‌ಫೆನಿಡೇಟನ್ನು ರಿಟಾಲಿನಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಆ ಆಮ್ಲಕ್ಕೆ ಮಿದುಳಿನಲ್ಲಿ ಮಾಡುವ ಕೆಲಸವೇನೂ ಇಲ್ಲ. ಮೂತ್ರಪಿಂಡಗಳು ಹೊರಹಾಕುವುದು ಬಹುಪಾಲು ಈ ನಿರುಪಯೋಗಿ ಆಮ್ಲವನ್ನೇ. ಕೊಡಗಟ್ಟಲೆ ನೀರು ಕುಡಿಸಿದರೆ ಮೂತ್ರ ತೆಳುವಾಗುತ್ತದೆಯೇ ಹೊರತು ಕಿಣ್ವದ ವೇಗ ಹೆಚ್ಚುವುದಿಲ್ಲ.

ಮೊಬೈಲ್ ನೋಡಿ ‘ಕಿತ್ತಳೆ ರಸ, ವಿಟಮಿನ್ ಸಿ ಕೊಟ್ಟರೆ ಬೇಗ ಹೋಗುತ್ತದಂತೆ ಸರ್’ ಎನ್ನುವವರೂ ಇದ್ದಾರೆ. ಅದು ಆಂಫೆಟಮಿನ್ ಎಂಬ ಇನ್ನೊಂದು ಉತ್ತೇಜಕ ಔಷಧದ ಕುರಿತ ಮಾತು. ಅಮೆರಿಕದಲ್ಲಿ ಅಡೆರಾಲ್ ಎಂದು ಮಾರುವ ಆ ಔಷಧದ ಅರ್ಧಾಯುಷ್ಯ ಹತ್ತು ಗಂಟೆಗೂ ಮೇಲೆ. ಅದರ ವಿಷಯದಲ್ಲಿ ಮೂತ್ರ ಹುಳಿಯಾದರೆ ಬೇಗ ಹೊರಹೋಗುವುದು ನಿಜವೇ. ಆದರೆ ಅಡೆರಾಲ್ ನಮ್ಮ ದೇಶದ ಅಂಗಡಿಗಳಲ್ಲಿ ಇಲ್ಲ. ಪರದೇಶದ ಗುಳಿಗೆಯ ಲೆಕ್ಕವನ್ನು ಶಹಾಬಾದಿನ ಹುಡುಗನ ಮೇಲೆ ಹಾಕುವುದೇಕೆ?

ಲೆಕ್ಕ ನಿಜಕ್ಕೂ ತಪ್ಪುವುದು ಎರಡು ಕಡೆ. ನಿಧಾನ ಬಿಡುಗಡೆಯ ಗುಳಿಗೆಯನ್ನು ಮಗು ನುಂಗುವುದಿಲ್ಲವೆಂದು ಅರೆದು ಬಾಳೆಹಣ್ಣಿನಲ್ಲಿ ಕಲಸಿ ಕೊಟ್ಟರೆ ದಿನವಿಡೀ ಬರಬೇಕಾದದ್ದು ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಕೆಲವು ಗುಳಿಗೆಗಳ ಖಾಲಿ ಕವಚ ಮಲದಲ್ಲಿ ಇಡಿಯಾಗಿಯೇ ಕಾಣಿಸುತ್ತದೆ, ಗಾಬರಿ ಬೇಡ, ಒಳಗಿನ ಔಷಧ ಆಗಲೇ ಖರ್ಚಾಗಿರುತ್ತದೆ. ಇನ್ನೊಂದು, ಈ ಔಷಧ ನುಂಗುವ ವಯಸ್ಕರದು: ಮದ್ಯ ಸೇರಿದರೆ ರಕ್ತದಲ್ಲಿ ಇದರ ಮಟ್ಟ ಏರುತ್ತದೆ. ಅಂದಹಾಗೆ ಮಗ ಮುಂದೆ ಕಬಡ್ಡಿಯಲ್ಲೋ ಓಟದಲ್ಲೋ ದೊಡ್ಡ ಮಟ್ಟಕ್ಕೆ ಹೋದರೆ, ಸ್ಪರ್ಧೆಯ ವೇಳೆ ಇದು ನಿಷೇಧಿತ ಪಟ್ಟಿಯಲ್ಲಿದೆ ಎಂಬುದು ನೆನಪಿರಲಿ. ವೈದ್ಯಕೀಯ ವಿನಾಯಿತಿಯನ್ನು ಮೊದಲೇ ಕೇಳಿ ಪಡೆಯಬೇಕು.

ನೀವು ಕೇಳಿಲ್ಲ, ಆದರೂ ಹೇಳಬೇಕಾದದ್ದು ಒಂದಿದೆ. ‘ಮೈಯಲ್ಲಿ ಕೂರುವುದಿಲ್ಲ ಎಂದರೆ ಮತ್ತೇಕೆ ಇಷ್ಟೊಂದು ಕಟ್ಟುನಿಟ್ಟು, ಮೆಡಿಕಲ್‌ನವರು ಇಲ್ಲ ಎಂದು ಏಕೆ ತಲೆ ಅಲ್ಲಾಡಿಸುತ್ತಾರೆ’ ಎಂಬ ಅನುಮಾನ ಬಹಳ ಮನೆಗಳಲ್ಲಿದೆ. ಮೀಥೈಲ್‌ಫೆನಿಡೇಟ್ 1945ರ ಔಷಧ ನಿಯಮಗಳ ಷೆಡ್ಯೂಲ್ ಎಕ್ಸ್‌ಗೆ ಸೇರಿದ್ದು. ಅದನ್ನು ಮಾರಲು ಪ್ರತ್ಯೇಕ ಪರವಾನಗಿ ಬೇಕು, ದಾಸ್ತಾನನ್ನು ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು, ಅದರಲ್ಲಿ ಒಂದನ್ನು ಅಂಗಡಿಯವರು ಎರಡು ವರ್ಷ ಕಾದಿರಿಸಬೇಕು. ಇಷ್ಟು ಕೆಲಸ ಹಚ್ಚಿಕೊಳ್ಳಲು ಎಲ್ಲ ಅಂಗಡಿಯವರೂ ಸಿದ್ಧರಿರುವುದಿಲ್ಲ, ಹಾಗಾಗಿ ಇಲ್ಲ ಎನ್ನುತ್ತಾರೆ. ಈ ಬಂದೋಬಸ್ತು ಇರುವುದು ಔಷಧದ ದುರ್ಬಳಕೆ ತಡೆಯಲು. ನೀಟ್‌ಗೆ ಓದುವ ಅಕ್ಕ ರಾತ್ರಿ ನಿದ್ದೆಗೆಡಲು ತಮ್ಮನ ಪಟ್ಟಿಯಿಂದ ಒಂದು ಗುಳಿಗೆ ಎತ್ತಿಕೊಳ್ಳುವುದೂ ದುರ್ಬಳಕೆಯೇ. ಪಟ್ಟಿಯನ್ನು ದೇವರ ಕೋಣೆಯ ಮಾಡದಲ್ಲಿ ಇಡುವುದನ್ನು ಬಿಟ್ಟು ನೀವೂ ಬೀಗದೊಳಗೆ ಇಡಿ, ಗುಳಿಗೆಗಳನ್ನು ಆಗಾಗ ಎಣಿಸಿ.

ಯಾದಗಿರಿ, ಚಿತ್ತಾಪುರ, ಹುಮನಾಬಾದ್ ಕಡೆಯಿಂದ ಕಲಬುರಗಿಗೆ ಬರುವವರು ಪಟ್ಟಿಯಲ್ಲಿ ನಾಲ್ಕೈದು ಗುಳಿಗೆ ಇರುವಾಗಲೇ ಅಂಗಡಿಗೆ ಫೋನ್ ಮಾಡಿ, ದಾಸ್ತಾನು ಇದೆ ಎಂದು ಖಾತ್ರಿ ಮಾಡಿಕೊಂಡು ಬಸ್ ಹತ್ತಿ. ಚೀಟಿಯ ಎರಡೂ ಪ್ರತಿಗಳು ಕೈಯಲ್ಲಿರಲಿ. ಮೊಬೈಲ್‌ನಲ್ಲಿ ತೆಗೆದ ಚೀಟಿಯ ಫೋಟೊ ತೋರಿಸಿದರೆ ಕೊಡುವುದಿಲ್ಲ, ಕೊಡಲೂಬಾರದು.