‘ನೋಡೋಣ’ ಎಂಬ ಪದ ಮತ್ತು ಶೇ. 93ರ ಭ್ರಮೆ

ಕಚೇರಿಯ ಮುಖ್ಯಸ್ಥರಿಗೆ ಮಾತಿನ ಕಲೆ ಕಲಿಸುವ ತರಬೇತಿಗಳಲ್ಲಿ ಒಂದು ಲೆಕ್ಕ ತಪ್ಪದೆ ಪರದೆಯ ಮೇಲೆ ಬರುತ್ತದೆ: ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ. 7, ದನಿಯದು ಶೇ. 38, ಮುಖಭಾವದ್ದು ಶೇ. 55; ಅಂದರೆ ಪದಗಳಾಚೆಯದ್ದೇ ಶೇ. 93. ಇದು ನಿಜವಾಗಿದ್ದರೆ ರೇಡಿಯೋ ವಾರ್ತೆಯ ಅರ್ಧಕ್ಕಿಂತ ಹೆಚ್ಚು ಭಾಗ ಕೇಳುಗರನ್ನು ಮುಟ್ಟುತ್ತಲೇ ಇರಲಿಲ್ಲ. ಭಾಷೆಯ ಗಂಧವಿಲ್ಲದವರಿಗೂ ಪರಭಾಷೆಯ ಭಾಷಣ ಬಹುಪಾಲು ತಿಳಿಯಬೇಕಿತ್ತು.

ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಸಹೋದ್ಯೋಗಿಗಳೊಡನೆ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು ಈ ಅಂಕಿಗಳ ಮೂಲ. ಮೊದಲನೆಯದರಲ್ಲಿ ಒಂಬತ್ತು ಬಿಡಿ ಪದಗಳನ್ನು ಬೇರೆಬೇರೆ ದನಿಗಳಲ್ಲಿ ಕೇಳಿಸಲಾಯಿತು. ಎರಡನೆಯದರಲ್ಲಿ ಇದ್ದದ್ದು ‘ಇರಬಹುದು’ ಎಂಬರ್ಥದ ‘ಮೇಬಿ’ ಎಂಬ ಒಂದೇ ಇಂಗ್ಲಿಷ್ ಪದ. ಅದನ್ನು ಮೂರು ಬಗೆಯ ದನಿಗಳಲ್ಲಿ ಕೇಳಿಸಿ, ಜೊತೆಗೆ ಮುಖದ ಛಾಯಾಚಿತ್ರ ತೋರಿಸಿ, ಹೇಳಿದವರ ಮನಸ್ಸಿನಲ್ಲಿರುವುದು ಇಷ್ಟವೋ ಅನಿಷ್ಟವೋ ಎಂದು ಊಹಿಸಲು ಹೇಳಲಾಯಿತು. ಮುಖಕ್ಕೂ ದನಿಗೂ ಸುಮಾರು 3:2ರ ತೂಕ ಬಂತು. ಇದಕ್ಕೆ ಮೊದಲ ಪ್ರಯೋಗದ ಫಲಿತಾಂಶವನ್ನು ಹೊಲಿದಾಗ ಹುಟ್ಟಿದ್ದೇ ಆ ಪ್ರಸಿದ್ಧ ಮೂರು ಅಂಕಿಗಳು.

ನಮಗಾದರೋ ಇದಕ್ಕೆ ಪ್ರಯೋಗಾಲಯವೇ ಬೇಡ, ‘ನೋಡೋಣ’ ಎಂಬ ಪದ ಸಾಕು. ರಜೆ ಕೇಳಿದವರಿಗೆ ಮೇಲಧಿಕಾರಿ ತಲೆಯೆತ್ತಿ ನಗುತ್ತ ‘ನೋಡೋಣ’ ಎಂದರೆ ಟಿಕೆಟ್ ಕಾಯ್ದಿರಿಸಬಹುದು. ಕಂಪ್ಯೂಟರಿನಿಂದ ಕಣ್ಣು ಕೀಳದೆ ಎಳೆದು ಹೇಳಿದರೆ ಊರಿನ ಆಸೆ ಬಿಡಬೇಕು. ಪದ ತಾನೇ ಯಾವ ಕಡೆಗೂ ವಾಲದಿದ್ದಾಗ ಕೇಳುಗನ ಮನಸ್ಸು ಸುತ್ತಲಿನ ಸುಳಿವುಗಳನ್ನು ಹುಡುಕುತ್ತದೆ. ಬಿಳಿ ಅನ್ನಕ್ಕೆ ಸಾರಿನ ರುಚಿ ಬರುವಂತೆ, ಗಾಜಿನ ಲೋಟಕ್ಕೆ ಪಾನಕದ ಬಣ್ಣ ಬರುವಂತೆ, ಅಂಥ ಪದಕ್ಕೆ ದನಿಯ ಅರ್ಥ ಬರುತ್ತದೆ. ಪದವೂ ಮುಖವೂ ಜಗಳವಾಡಿದಾಗಲೂ ಹೀಗೆಯೇ: ಫೋನ್ ತಿಕ್ಕುತ್ತಲೇ ‘ನಿಮ್ಮ ಕೆಲಸ ಬಹಳ ಮೆಚ್ಚುಗೆಯಾಯಿತು’ ಎಂದವರನ್ನು ಯಾರೂ ನಂಬುವುದಿಲ್ಲ.

ಆದರೆ ‘ಗುರುವಾರ ಮಧ್ಯಾಹ್ನ 3 ಗಂಟೆಯೊಳಗೆ ಹಳೆಯ ಸರ್ವರ್ ನಿಲ್ಲಿಸಿ, ಅದಕ್ಕೆ ಮೊದಲು ಗ್ರಾಹಕರಿಗೆ ತಿಳಿಸಿ’ ಎಂಬ ಸೂಚನೆಯಲ್ಲಿ ಗುರುವಾರವನ್ನು ಯಾವ ಹುಬ್ಬು ಹೇಳೀತು? ‘ಅದಕ್ಕೆ ಮೊದಲು’ ಎಂಬ ಎರಡು ಪದ ಬಿಟ್ಟುಹೋದರೆ ಎಷ್ಟೇ ಗಂಭೀರವಾದ ನಿಲುವೂ ಅದನ್ನು ತುಂಬಿಕೊಡಲಾರದು. ಕೆಲಸದ ಕ್ರಮ, ಗಡುವು, ಹೊಣೆ ಇವೆಲ್ಲ ಇರುವುದು ಪದಗಳಲ್ಲಿಯೇ. ಹೀಗಿರುವಾಗ ಕೈ ಎಲ್ಲಿಡಬೇಕು, ಹೇಗೆ ನಿಲ್ಲಬೇಕು ಎಂಬ ಪಾಠಕ್ಕೆ ಅರ್ಧ ದಿನ ಕೊಟ್ಟು, ಸೂಚನೆ ಬರೆಯುವುದಕ್ಕೆ ಹತ್ತು ನಿಮಿಷವನ್ನೂ ಕೊಡದಿರುವುದು ನನಗೆ ವಿಚಿತ್ರವಾಗಿಯೇ ಕಾಣುತ್ತದೆ.

ಮಾತನಾಡುವವರು ತಮ್ಮ ಭಾವನೆ ಅಥವಾ ಒಲವಿನ ಬಗ್ಗೆ ಹೇಳದಿದ್ದಾಗ ತಮ್ಮ ಸಮೀಕರಣ ಅನ್ವಯಿಸುವುದಿಲ್ಲವೆಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಆ ಸಾಲು ಮಾತ್ರ ತರಬೇತಿಯ ಪರದೆಯ ಮೇಲೆ ಬಂದುದನ್ನು ನಾನಂತೂ ಕಂಡಿಲ್ಲ.