ತಪ್ಪು ಜಾಸ್ತಿ ಬರೆದ ವಾರ್ಡೇ ಒಳ್ಳೆಯ ವಾರ್ಡಾ? ನರ್ಸಿಂಗ್ ಮ್ಯಾನೇಜ್‌ಮೆಂಟ್ ಟಿಪ್ಪಣಿ

ಮುಂದಿನ ವಾರ ಮ್ಯಾನೇಜ್‌ಮೆಂಟ್ ಪೇಪರ್ ಇದೆ. ಹುಬ್ಬಳ್ಳಿಯಲ್ಲಿ ನೈಟ್ ಡ್ಯೂಟಿ ಮುಗಿಸಿ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬರುವಾಗ ಓದಿದ್ದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನಾಯಕತ್ವದ ಶೈಲಿಗಳು, ನಾಯಕರ ಗುಣಗಳು ಎಲ್ಲರ ನೋಟ್ಸಿನಲ್ಲೂ ಇವೆ. ಅವನ್ನು ಬಿಟ್ಟಿದ್ದೇನೆ. ನನ್ನ ತಲೆ ತಿಂದಿದ್ದು ಒಂದೇ ಒಂದು ಸಂಶೋಧನೆ. ಅದೇ ಇಲ್ಲಿ ಅರ್ಧ ಜಾಗ ತಿನ್ನುತ್ತದೆ.

ಮನೋಭಾವ: ಇದು ಸುಲಭ

ಕ್ಯಾರಲ್ ಡ್ವೆಕ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ. ಬುದ್ಧಿ, ಸಾಮರ್ಥ್ಯ ಹುಟ್ಟಿನಿಂದ ಬಂದಷ್ಟೇ ಅಂತ ನಂಬಿದರೆ ಅದು ಜಡ ಮನೋಭಾವ. ಕಲಿತು ಬೆಳೆಸಬಹುದು ಅಂತ ನಂಬಿದರೆ ಬೆಳೆಯುವ ಮನೋಭಾವ. ವಾರ್ಡಿನ ಭಾಷೆಯಲ್ಲಿ ಹೇಳುವುದಾದರೆ, ‘ಈ ಹುಡುಗಿಗೆ ತಲೀನೇ ಇಲ್ಲ’ ಅನ್ನುವ ಇನ್‌ಚಾರ್ಜ್ ಒಬ್ಬರು, ‘ಈಕಿಗೆ ಇನ್‌ಫ್ಯೂಷನ್ ಪಂಪ್ ಯಾರೂ ಕಲಿಸಿಲ್ಲ’ ಅನ್ನುವ ಇನ್‌ಚಾರ್ಜ್ ಇನ್ನೊಬ್ಬರು. ಎರಡನೆಯವರ ಮಾತಿನಲ್ಲಿ ಮುಂದೆ ಮಾಡಲು ಒಂದು ಕೆಲಸ ಇದೆ. ಮೊದಲನೆಯವರದ್ದು ಅಲ್ಲಿಗೇ ಮುಗಿಯಿತು. ಐದು ಮಾರ್ಕಿಗೆ ಇಷ್ಟು ಸಾಕು.

ನಾನು ಎಡವಿದ್ದು ಇಲ್ಲಿ

ಏಮಿ ಎಡ್ಮಂಡ್‌ಸನ್, ಹಾರ್ವರ್ಡ್‌ನವರು. ಅವರು 2 ಆಸ್ಪತ್ರೆಗಳ 8 ವಾರ್ಡ್‌ಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. 1996ರಲ್ಲಿ ಅದು ಪ್ರಕಟವಾಯಿತು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರು ಅಂದುಕೊಂಡಿದ್ದರು. ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಲೆಕ್ಕ ಉಲ್ಟಾ ಬಂತು. ನಾಯಕತ್ವ ಚೆನ್ನಾಗಿದ್ದ, ಹೊಂದಿಕೊಂಡು ಕೆಲಸ ಮಾಡುವ ವಾರ್ಡ್‌ಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು.

ಕ್ಲಾಸ್ ಟೆಸ್ಟಿನಲ್ಲಿ ನಾನು ‘ಒಳ್ಳೆಯ ನಾಯಕಿ ಇದ್ದರೆ ತಪ್ಪು ಜಾಸ್ತಿ ಆಗುತ್ತದೆ’ ಅಂತ ಬರೆದು ಬಂದೆ. ‘ಆಗುತ್ತದೆ’ ಅನ್ನುವ ಪದದ ಸುತ್ತ ಮೇಡಂ ಕೆಂಪು ಸುತ್ತು ಹಾಕಿದ್ದರು. ಬೇರೇನೂ ಬರೆದಿರಲಿಲ್ಲ. ಆ ಸುತ್ತು ಬಿಡಿಸಲು ನನಗೆ ಮೂರು ದಿನ ಬೇಕಾಯಿತು.

ವಿಷಯ ಇಷ್ಟೇ. ಆದ ತಪ್ಪು ಬೇರೆ, ರಿಜಿಸ್ಟರ್‌ನಲ್ಲಿ ಬರೆದ ತಪ್ಪು ಬೇರೆ. ಸುಮ್ನೆ ಉದಾಹರಣೆಗೆ ನೋಡಿ: ಒಂದು ವಾರ್ಡಿನಲ್ಲಿ 10 ತಪ್ಪು ಆದವು, 2 ಬರೆದರು. ಇನ್ನೊಂದರಲ್ಲಿ 6 ಆದವು, 5 ಬರೆದರು. ರಿಜಿಸ್ಟರ್ ಮಾತ್ರ ನೋಡುವವರಿಗೆ ಮೊದಲನೆಯದೇ ಮಾದರಿ ವಾರ್ಡ್. ಆ ಮುಚ್ಚಿಹೋದ 8 ತಪ್ಪುಗಳ ಬಗ್ಗೆ ಯಾರಿಗೂ ಗೊತ್ತೇ ಇಲ್ಲ. ಹಾಗಾಗಿ ಅವು ಮತ್ತೆ ಆಗುತ್ತವೆ.

ನನ್ನ ಊರು ಬ್ಯಾಡಗಿ ಕಡೆ. ಅಲ್ಲಿ ಮೆಣಸಿನಕಾಯಿ ಚೀಲದ ಬಾಯಿಯಷ್ಟೇ ನೋಡಿದವರಿಗೆ ಎಲ್ಲಾ ಕೆಂಪಗೆ ಸುಕ್ಕುಗಟ್ಟಿದ ಚೆಂದದ ಕಾಯಿ. ಚೀಲ ಸುರಿದು ನೋಡಿದವರಿಗೆ ಬಿಳಿಚಿದ್ದು, ಬೂಸಲು ಹಿಡಿದದ್ದೂ ಸಿಗುತ್ತದೆ. ಸುರಿದಿದ್ದರಿಂದ ಬೂಸಲು ಬಂತು ಅಂತ ಯಾರೂ ಹೇಳುವುದಿಲ್ಲ. ನಾನು ಟೆಸ್ಟಿನಲ್ಲಿ ಬರೆದದ್ದು ಹೆಚ್ಚುಕಡಿಮೆ ಅದೇ.

ಆದರೆ ಇದನ್ನೇ ಉಲ್ಟಾ ಮಾಡಿ ‘ಜಾಸ್ತಿ ಬರೆದ ವಾರ್ಡೇ ಒಳ್ಳೆಯದು’ ಅಂತಲೂ ಬರೆಯಬೇಡಿ. ಬರೆದ ಸಂಖ್ಯೆ ಒಂದರಿಂದಲೇ ಆದ ಸಂಖ್ಯೆ ತಿಳಿಯುವುದಿಲ್ಲ. ಎಡ್ಮಂಡ್‌ಸನ್ ಕೂಡ ಅಂಕಿ ನೋಡಿ ತೀರ್ಮಾನಿಸಲಿಲ್ಲ. ಯಾವ ವಾರ್ಡಿನಲ್ಲಿ ಎಷ್ಟು ತಪ್ಪು ಅಂತ ಗೊತ್ತಿಲ್ಲದ ಒಬ್ಬ ಸಹಾಯಕರನ್ನು ವಾರ್ಡ್‌ಗಳಿಗೆ ಕಳಿಸಿದರು. ಕೆಲವು ಕಡೆ ಜನ ತಪ್ಪಿನ ಬಗ್ಗೆ ಬಾಯಿ ಬಿಟ್ಟು ಮಾತಾಡುತ್ತಾರೆ, ಕೆಲವು ಕಡೆ ಹೆದರಿ ಮುಚ್ಚಿಡುತ್ತಾರೆ ಅನ್ನುವುದು ಆಗ ಕಂಡಿತು. ಹೀಗೆ ಹೆದರದೆ ಮಾತಾಡುವ ವಾತಾವರಣಕ್ಕೆ ಮಾನಸಿಕ ಸುರಕ್ಷತೆ ಅನ್ನುತ್ತಾರೆ. ತಂಡಗಳ ಕಲಿಕೆಗೂ ಇದಕ್ಕೂ ಇರುವ ನಂಟಿನ ಬಗ್ಗೆ ಅವರ ಲೇಖನ ಬಂದದ್ದು 1999ರಲ್ಲಿ. ಇಸವಿ ಎರಡೂ ನೆನಪಿಡಿ, ಅದಲು ಬದಲಾಗುತ್ತವೆ.

ನನಗೆ ಇದು ಪುಸ್ತಕದಿಂದಲೇ ಗೊತ್ತಾಗಬೇಕಿರಲಿಲ್ಲ. ಮೊದಲು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ, ಪಕ್ಕದ ಬೆಡ್ಡಿನವರ ಇಂಜೆಕ್ಷನ್ ತುಂಬಿಕೊಂಡು ಹೋಗಿ, ಹೆಸರು ಕೇಳಿದಾಗ ಎಚ್ಚರವಾಗಿ ವಾಪಸ್ ಬಂದೆ. ನಾನೇ ಹೋಗಿ ಹೇಳಿದೆ. ‘ಯಾರ್ ಮಾಡಿದ್ದು ಇದನ್ನ?’ ಅಂತ ರೋಗಿಗಳ ಮುಂದೆಯೇ ಬೈಗುಳ ಶುರುವಾಯಿತು. ನಾನೇ ಹೇಳಿದ್ದರೂ! ಎರಡು ತಿಂಗಳ ಮೇಲೆ ಮತ್ತೊಂದು ಅಂಥದ್ದೇ ಆಯಿತು. ಆ ಸಲ ನಾನು ಯಾರಿಗೂ ಹೇಳಲಿಲ್ಲ. ಅಲ್ಲಿಯ ಇನ್ಸಿಡೆಂಟ್ ರಿಜಿಸ್ಟರ್ ಮಾತ್ರ ಹಾಲಿನಂತೆ ಬೆಳ್ಳಗೆ ಇತ್ತು.

‘ಹೀಗಾದರೆ, ಹೀಗೆ’

ಇದು ನನ್ನ ಇಷ್ಟದ ಭಾಗ. ಪೀಟರ್ ಗೋಲ್‌ವಿಟ್ಜರ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞರದ್ದು. ‘ಇನ್ನು ಮೇಲೆ ತಾಳ್ಮೆಯಿಂದ ಇರುತ್ತೇನೆ’ ಅನ್ನುವುದು ಬರೀ ಗುರಿ. ಬೆಳಗಿನ ಜಾವ ನಾಲ್ಕಕ್ಕೆ ಆ ತಾಳ್ಮೆ ಎಲ್ಲಿರುತ್ತದೆ? ಅದರ ಬದಲು ಸಂದರ್ಭ ಮತ್ತು ಕೆಲಸ ಎರಡನ್ನೂ ಮೊದಲೇ ಗಂಟು ಹಾಕಿಡಬೇಕು. ಹೀಗಾದರೆ, ಹೀಗೆ ಮಾಡುತ್ತೇನೆ. ಆ ಗಳಿಗೆ ಬಂದಾಗ ಹೊಸದಾಗಿ ಯೋಚಿಸುವ ಕಷ್ಟ ಇರುವುದಿಲ್ಲ. ಉದ್ದೇಶಪೂರ್ವಕ ಯೋಚನೆ ಅಂದರೆ ಸದಾ ಯೋಚಿಸುತ್ತಾ ಕೂರುವುದು ಅಂತ ನಾನು ತಿಳಿದಿದ್ದೆ. ಯೋಚನೆಯನ್ನು ಮುಂಚೆಯೇ ಮುಗಿಸಿ ಇಡುವುದು ಅಂತ ಈಗ ಅರ್ಥವಾಗಿದೆ.

ಈಗ ನಾನೇ ಶಿಫ್ಟ್ ಇನ್‌ಚಾರ್ಜ್. ನನ್ನ ಗಂಟು ಇದು: ಯಾರಾದರೂ ತಪ್ಪು ಹೇಳಲು ಬಂದರೆ, ನನ್ನ ಬಾಯಿಂದ ಮೊದಲು ಬರಬೇಕಾದ ಮಾತು ‘ಪೇಶೆಂಟ್ ಹೆಂಗದಾರ?’ ಎರಡನೆಯದು ‘ಏನಾತು?’ ‘ಯಾರು’ ಅನ್ನುವುದು ಆಮೇಲೆ. ಬೇಕಂತಲೇ ನಿಯಮ ಮುರಿದಿದ್ದರೆ ಅದನ್ನೂ ಕೇಳಲೇಬೇಕು. ಹೆದರಿಕೆ ಬೇಡ ಅಂದರೆ ಜವಾಬ್ದಾರಿ ಬೇಡ ಅಂತ ಅಲ್ಲ.

ಚೆಕ್‌ಲಿಸ್ಟ್, ಬೇಗ ಬೇಗ

ವಿಶ್ವ ಆರೋಗ್ಯ ಸಂಸ್ಥೆಯ ಸರ್ಜರಿ ಚೆಕ್‌ಲಿಸ್ಟ್, ಅಂದರೆ ಆಪರೇಷನ್ ವೇಳೆ ಒಂದೊಂದಾಗಿ ಕೇಳಿ ಖಚಿತಪಡಿಸಿಕೊಳ್ಳುವ ಪಟ್ಟಿ, ಬಂದದ್ದು 2008ರಲ್ಲಿ. 19 ಅಂಶ, 3 ಹಂತ. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಆಪರೇಷನ್ ಆದವರ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಕೆನಡಾದ ಒಂಟಾರಿಯೋದ 101 ಆಸ್ಪತ್ರೆಗಳ ಅಧ್ಯಯನ 2014ರಲ್ಲಿ ಬಂತು. ಅಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರಣದ ಬಗ್ಗೆ ವಾದ ಇದೆ. ನನಗನ್ನಿಸುವುದು, ಟಿಕ್ ಹಾಕುವುದು ಬೇರೆ, ಕೇಳುವುದು ಬೇರೆ. ಕತ್ತರಿಸುವ ಮುಂಚೆ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು ಅನ್ನುವ ಅಂಶ ಅದರಲ್ಲಿದೆ. ಒಮ್ಮೆ ಹೆಸರು ಹೇಳಿ ಬಾಯಿ ಬಿಟ್ಟ ಜೂನಿಯರ್ ನರ್ಸ್ ‘ಸರ್, ಒಂದ್ನಿಮಿಷ’ ಅನ್ನುವುದು ಸ್ವಲ್ಪ ಸುಲಭ.

ನಮ್ಮ ವಾರ್ಡಿನ ರಿಜಿಸ್ಟರ್‌ನಲ್ಲಿ ಈ ತಿಂಗಳು 7 ನಮೂದು. ಹೋದ ತಿಂಗಳು 1 ಇತ್ತು. ಯಾಕೆ ಜಾಸ್ತಿ ಆಯಿತು ಅಂತ ಸೋಮವಾರ ಮೇಲಿನವರಿಗೆ ವಿವರಿಸಬೇಕಂತೆ. ಮೆಣಸಿನಕಾಯಿ ಚೀಲದ ಕಥೆಯನ್ನೇ ಹೇಳೋಣ ಅಂದುಕೊಂಡಿದ್ದೇನೆ.